ಘಟ್ಟ ಹತ್ತಿದ ಗುಳ್ಳೆ

“ಹಣೆಗೆ ಲೈಟು ಕಟ್ಟಿಕೊಂಡು ಏಡಿ ಹಿಡೀಲಿಕ್ಕೆ ಹೊರಟದ್ದಾ ಪುತ್ರನ್? ಅಪ್ಪನ ಕಸುಬು ಬಿಡ್ಲಿಲ್ಲ ನೋಡಿ ಇವರು.”

ಮಂಗಳೂರಿನ ಕಣ್ಣಾಸ್ಪತ್ರೆಯ ವಾರ್ಡಿನಲ್ಲಿ, ನರ್ಸುಗಳ, ರೋಗಿಗಳ ಎದುರಿಗೇ ದೊಡ್ಡ ಡಾಕ್ಟರು ಶ್ರೀಪತಿ ರಾಯರು ಹೀಗೆ ಹೇಳಿದರು. ಎಲ್ಲರೂ ನಕ್ಕರು. ಮೀನುಗಾರರ ಮನೆಯಿಂದ ಬಂದ ಡಾಕ್ಟರ್ ಲೋಕಯ್ಯ ಪುತ್ರನ್ ನಗಲಿಲ್ಲ. ಅವರ ಬೆರಳುಗಳ ನಡುವೆ ನಾನಿದ್ದೆ.

ನಾನು ಒಂದು ಮಸೂರ. ಅಂಗೈಗಿಂತ ಚಿಕ್ಕ ಉಬ್ಬು ಗಾಜು. ಯಾವುದೋ ದೂರದ ದೇಶದಲ್ಲಿ ಉಜ್ಜಿ ಉಜ್ಜಿ ನನ್ನನ್ನು ಹುಟ್ಟಿಸಿದರು. ಡಾಕ್ಟರ ಹಣೆಯ ಬೆಳಕು ನನ್ನ ಮೂಲಕ ಹಾದು ಕಣ್ಣಿನ ತಳ ಮುಟ್ಟುತ್ತದೆ. ಅಲ್ಲಿರುವುದೆಲ್ಲ ನನ್ನೊಳಗೆ ತಲೆಕೆಳಗಾಗಿ ಕಾಣುತ್ತದೆ.

ಆಗೆಲ್ಲ ಕಣ್ಣಿನ ಒಳಪರದೆ ಕಳಚಿದರೆ ರೋಗಿಯ ತಲೆ ಅಲುಗದಂತೆ ಎರಡೂ ಬದಿಗೆ ಮರಳಿನ ಚೀಲವಿಟ್ಟು ಮಲಗಿಸುತ್ತಿದ್ದರು. ಕಣ್ಣು ಕತ್ತಲಾಗುವುದನ್ನು ಕಾಯುವುದು, ಅದಕ್ಕೆ ಚಿಕಿತ್ಸೆ ಅಂತ ಹೆಸರು. ಪುತ್ರನ್ ನನ್ನನ್ನು ಹಿಡಿದು ಪರದೆಯ ಹರಕು ಹುಡುಕಿದರು. ಮಂಜುಗಡ್ಡೆಯಂಥ ಚಳಿ ಮುಟ್ಟಿಸಿ ಬೆಸೆದರು. ಒಳಗೆ ಗಾಳಿಯ ಗುಳ್ಳೆ ಬಿಟ್ಟು ಪರದೆಯನ್ನು ಅದರ ಜಾಗಕ್ಕೆ ಒತ್ತಿಸಿದರು. ಆ ಊರಿನಲ್ಲಿ ಅದಕ್ಕೂ ಮೊದಲು ಯಾರೂ ಮಾಡಿರಲಿಲ್ಲ. ನಕ್ಕವರೇ ತಮ್ಮ ತಾಯಂದಿರನ್ನು ಕರೆತಂದರು.

ಮಡಿಕೇರಿಯ ದರ್ಜಿ ಉಸ್ಮಾನ್ ಬಂದಾಗ ಅವನಿಗೆ ಉಳಿದದ್ದು ಒಂದೇ ಕಣ್ಣು. ಅದರ ಪರದೆಯೂ ಕಳಚಿತ್ತು. ಪುತ್ರನ್ ಅದನ್ನು ಬೆಸೆದು ಗುಳ್ಳೆ ಬಿಟ್ಟರು.

“ತಲೆ ಬಗ್ಗಿಸಿಯೇ ಇರ್ಬೇಕು ಉಸ್ಮಾನ್. ಗುಳ್ಳೆ ಕರಗುವವರೆಗೆ ಇಲ್ಲೇ. ಮೇಲೆ ಹೋದ ಹಾಗೆ ಗಾಳಿ ತೆಳು, ಘಟ್ಟ ಹತ್ತಿದ್ರೆ ಗುಳ್ಳೆ ಒಳಗೇ ಊದ್ತದೆ, ಕಣ್ಣಿಗೆ ರಕ್ತ ಹೋಗುದು ನಿಲ್ತದೆ.”

“ತಲೆ ಬಗ್ಗಿಸ್ಲಿಕ್ಕೆ ನಂಗೆ ಕಲಿಸ್ಬೇಕಾ ಡಾಕ್ಟ್ರೇ? ಇಡೀ ದಿವ್ಸ ಮೆಷಿನ್ ಮುಂದೆ ಅದೇ ಕೆಲ್ಸ.”

ಆ ಹಾಸಿಗೆಗೆ ಯಾರೋ ದೊಡ್ಡವರು ಕಾಯುತ್ತಿದ್ದರು. ಪುತ್ರನ್ ಆಪರೇಷನ್ ಕೋಣೆಯಲ್ಲಿದ್ದಾಗ ರಾಯರು ಉಸ್ಮಾನನನ್ನು ಎಬ್ಬಿಸಿದರು.

“ಬಗ್ಗಿ ಮಲಗ್ಲಿಕ್ಕೆ ಆಸ್ಪತ್ರೆ ಯಾಕೆ? ಮನೇಲಿ ಮಲಗು.”

ವಿಷಯ ತಿಳಿದದ್ದೇ ಪುತ್ರನ್ ಬಸ್ ಸ್ಟ್ಯಾಂಡಿಗೆ ಓಡಿದರು. ಜೇಬಿನಲ್ಲಿ ನಾನೂ ಓಡಿದೆ. ಮಡಿಕೇರಿ ಬಸ್ಸು ನಿಲ್ಲುವ ಜಾಗದಲ್ಲಿ ಬರೀ ಡೀಸೆಲ್ ವಾಸನೆ.

ಈಗ ನಾನು ಅದೇ ಆಸ್ಪತ್ರೆಯ ಗಾಜಿನ ಕಪಾಟಿನಲ್ಲಿದ್ದೇನೆ. ಮೇಲೆ ರಾಯರ ಫೋಟೋ. ಇಲ್ಲಿ ಮೊದಲು ಪರದೆ ಕೂಡಿಸಿದವರು ಅವರೇ ಅಂತ ಕೆಳಗೆ ಬರೆದಿದ್ದಾರೆ. ಬರೆದುಕೊಳ್ಳಲಿ. ನಾನು ಕಂಡದ್ದನ್ನು ಯಾರೂ ಒರೆಸಲಾರರು.

ಉಸ್ಮಾನ್ ಹೆಂಡತಿಯ ಭುಜ ಹಿಡಿದು ವಾಪಸು ಬಂದ ದಿನ ನಾನು ಅವನ ಕಣ್ಣೊಳಗೆ ನೋಡಿದೆ. ಕೆಂಪಗಿರಬೇಕಾದ ತಳ ಕೋರಾ ಬಟ್ಟೆಯ ಹಾಗೆ ಬಿಳಿಚಿತ್ತು.

“ಸಂಪಾಜೆ ದಾಟಿ ಬಸ್ಸು ಘಟ್ಟ ಹತ್ತಿದ ಮೇಲೆ ಕಣ್ಣು ಸಿಡಿದ ಹಾಗಾಯ್ತು. ಆದ್ರೂ ತಲೆ ಎತ್ತಲಿಲ್ಲ ಡಾಕ್ಟ್ರೇ,” ಎಂದ ಅವನು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೇಳಿದ, “ರಾಯರು ಇದ್ದಾರಾ ಇಲ್ಲಿ? ಮನೆಗೆ ಹೋಗು ಅಂದದ್ದು ಯಾಕೆ ರಾಯರೇ?”

ರಾಯರು ಅವನ ಬೆನ್ನ ಹಿಂದೆಯೇ ನಿಂತಿದ್ದರು. ಇಡೀ ವಾರ್ಡು ಅವರ ಕಡೆ ತಿರುಗಿತು. ಈ ಸಲ ಯಾರೂ ನಗಲಿಲ್ಲ. ಪುತ್ರನ್ ನನ್ನನ್ನು ಎತ್ತಿ ಹಿಡಿದೇ ಇದ್ದರು. ಉಸ್ಮಾನ್ ಗೋಡೆಗೆ ಕಿವಿಗೊಟ್ಟು ಕಾಯುತ್ತಿದ್ದ. ರಾಯರು ಕೋಟಿನ ಗುಂಡಿ ಹಾಕಿಕೊಂಡರು. ಸದ್ದಾಗದಂತೆ ಹೆಜ್ಜೆಯಿಡುತ್ತ, ನನ್ನೊಳಗೆ ತಲೆಕೆಳಗಾಗಿ, ಬಾಗಿಲು ದಾಟಿ ಹೋದರು.