ಮೂಲೆಯ ಕಂಪ್ಯೂಟರ್

ಮಗ ತೀರಿಕೊಂಡ ಮೇಲೆ ಭದ್ರಾವತಿಯ ಕಂಪ್ಯೂಟರ್ ಕೇಂದ್ರವನ್ನು ಉಜ್ಜನಪ್ಪನವರೇ ನೋಡಿಕೊಳ್ಳುತ್ತಿದ್ದರು. ಆಯುಧಪೂಜೆಗೆಂದು ಮೂರು ದಿನ ಮೊದಲೇ ಎಲ್ಲ ಕಂಪ್ಯೂಟರ್‌ಗಳನ್ನೂ ಆರಿಸಿ, ಒರೆಸಿ, ವಿಭೂತಿ ಹಚ್ಚಿದ್ದರು.

ಪೂಜೆಯ ದಿನ ಶಿವಮೊಗ್ಗದಿಂದ ಬಂದ ರಿಪೇರಿಯ ಮಲ್ಲಿಕ್ ತಲೆಯ ಮೇಲೆ ಕೈ ಹೊತ್ತು ಕುಳಿತ.

"ಅಪ್ಪಾಜಿ, ಮೂಲೆಯದನ್ನೂ ಆರಿಸಿದ್ರಾ? ಅದೊಂದೇ ಹೊರಗಿಂದ ಅಪ್‌ಡೇಟ್ ಇಳಿಸ್ಕೊಂಡು ಉಳಿದ ಹನ್ನೆರಡಕ್ಕೂ ಹಂಚೋದು. ನಿಮ್ಮ ಮಗ ಇದ್ದಾಗ ಅದನ್ನ ಆರಿಸ್ದೇನೇ ಪೂಜೆ ಮಾಡ್ತಿದ್ರು."

"ಈಗ ಆನ್ ಮಾಡೋಣ ಮಾರಾಯ."

"ನಾಡಿದ್ದೇ ಇವುಗಳ ಮೇಲೆ ಮಕ್ಕಳ ಪರೀಕ್ಷೆ. ಅಪ್‌ಡೇಟ್ ಇಲ್ದೆ ಪರೀಕ್ಷೆಯ ಸಾಫ್ಟ್‌ವೇರ್ ತೆರೆಯಲ್ಲ. ನಮ್ಮ ಇಂಟರ್ನೆಟ್ ಲೈನು ಎತ್ತಿನಗಾಡಿ, ಇಳಿಯೋಕೆ ನಾಲ್ಕು ದಿನ ಬೇಕು."

ಪರೀಕ್ಷೆ ತಪ್ಪಿದರೆ ಕೇಂದ್ರದ ಮಾನ್ಯತೆ ಹೋಗುತ್ತದೆ. ಮಗನದೆಂದು ಉಳಿದದ್ದು ಅದೊಂದೇ. ಉಜ್ಜನಪ್ಪನವರು ಶಿವನನ್ನು ನೆನೆದು ಸ್ವಿಚ್ ಒತ್ತಿದರು. ಸಂಜೆಯ ಹೊತ್ತಿಗೆ ಅಪ್‌ಡೇಟ್ ನೂರಕ್ಕೆ ಆರು ಭಾಗವಷ್ಟೇ ಇಳಿದಿತ್ತು.

"ಪರೀಕ್ಷೆ ಇಲ್ಲ ಅಂತ ಮಕ್ಕಳಿಗೆ ನೀನೇ ಫೋನ್ ಮಾಡಪ್ಪ," ಎಂದರು. "ನನ್ನ ಬಾಯಿಂದ ಬರಲ್ಲ."