ತಿಳಿಯಾದ ಮೂರು ತೊಟ್ಟಿಗಳು

ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ ಸೊಸೆ ಮನೆಗೆ ಬಂದಾಗ, ಅತ್ತೆ ಅವಳನ್ನು ಕೂರಲೂ ಬಿಡದೆ ಹಿತ್ತಲಿಗೆ ಕರೆದೊಯ್ದರು. ಸೊಸೆ ಮೀನುಮರಿ ಸಾಕುವ ಮೂರು ಸಿಮೆಂಟ್ ತೊಟ್ಟಿಗಳು ಅಲ್ಲಿದ್ದವು. ಈಗ ಮೂರಕ್ಕೂ ದಪ್ಪ ಬಟ್ಟೆಯ ಹೊದಿಕೆ. ಅಂಚು ಮಡಿಸಿ ಹೊಲಿದು, ಮೂಲೆಗೊಂದು ಲಾಡಿ ಕಟ್ಟಿತ್ತು. ನಲವತ್ತು ವರ್ಷ ದರ್ಜಿ ಕೆಲಸ ಮಾಡಿದ ಕೈ. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ.

“ಏನು ಬಿಸಿಲು ಅಂತೀಯ. ಪಾಪ, ಮರಿಗಳು ಬೆಂದುಹೋಗ್ತವೆ ಅನ್ನಿಸ್ತು,” ಎಂದು ಅತ್ತೆ ಒಂದು ಹೊದಿಕೆ ಸರಿಸಿದರು. “ಪಾಚಿ ಉಜ್ಜಿ ತೆಗೆದೆ, ನೀರೂ ಬದಲಾಯಿಸ್ದೆ. ನೋಡು, ತಳದಲ್ಲಿ ಸೂಜಿ ಬಿದ್ರೂ ಕಾಣತ್ತೆ.”

ಕಾಣುತ್ತಿತ್ತು. ಆ ತಿಳಿನೀರಿನಲ್ಲಿ ಮರಿಗಳ ಮೈ ದಾರದಂತಾಗಿ ಬರೀ ತಲೆ ಉಳಿದಿತ್ತು. ಎಷ್ಟೋ ಆಗಲೇ ಸತ್ತಿದ್ದವು. ಸೊಸೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

“ಹೊಲಿಗೆ ಚೆನ್ನಾಗಿದೆ ಅತ್ತೆ.”

ಅತ್ತೆ ಗಿರಾಕಿಗಳ ಮುಖ ಓದಿ ಪಳಗಿದವರು. “ಹೊಲಿಗೆ ಬಿಡು. ಏನು ತಪ್ಪು ಮಾಡ್ದೆ ಹೇಳು.”

ಸೊಸೆ ಮೆಲ್ಲಗೆ ಕಟ್ಟೆಯ ಮೇಲೆ ಕೂತಳು. “ಆ ಹಸಿರು ಕೊಳೆ ಅಲ್ಲ ಅತ್ತೆ. ಈ ನೀರಲ್ಲಿ ಬಿಸಿಲನ್ನ ಊಟ ಮಾಡ್ಕೊಳ್ಳೋಕೆ ಬರೋದು ಅದಕ್ಕೇ. ಹಸಿರನ್ನ ಚುಕ್ಕಿಯಷ್ಟು ಹುಳುಗಳು ತಿಂತವೆ, ಹುಳುಗಳನ್ನ ಮರಿಗಳು ತಿಂತವೆ.”

“ನಾನು ಹಿಟ್ಟು ಹಾಕ್ತಿದ್ದೆನಲ್ಲೇ?”

“ಈ ವಯಸ್ಸಿಗೆ ಹಿಟ್ಟೊಂದೇ ಸಾಲಲ್ಲ.”

ಅತ್ತೆ ಲಾಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಮೂರು ಹೊದಿಕೆಗಳನ್ನೂ ಮಡಿಸಿ ಪಕ್ಕಕ್ಕಿಟ್ಟರು.

ಸೊಸೆ ಭಾರ ಎತ್ತುವಂತಿರಲಿಲ್ಲ. ಪಕ್ಕದ ಬೀದಿಯ ಇಟ್ಟಿಗೆ ಗೂಡಿನವನ ಹೊಂಡದಲ್ಲಿ ಹಸಿರು ನೀರಿದೆ ಎಂದು ಅವಳು ಹೇಳಿದ್ದೇ ತಡ, ಅತ್ತೆ ಬಕೆಟ್ ಹಿಡಿದು ಹೊರಟರು.

“ಎಲ್ರೂ ಒಳ್ಳೆ ನೀರು ಕೇಳ್ತಾರೆ, ನಿಮಗೆ ಈ ಗಲೀಜು ಯಾಕಮ್ಮ?” ಎಂದು ಅವನು ನಕ್ಕ.

“ನಿಂಗೆ ಗಲೀಜು. ನನ್ನ ಮೊಮ್ಮಕ್ಕಳಿಗೆ ಹಾಲು,” ಎಂದರು ಅತ್ತೆ. ಅವನು ತನ್ನ ತಳ್ಳುಗಾಡಿ ಕೊಟ್ಟ. ಸಂಜೆಯೊಳಗೆ ಹತ್ತೊಂಬತ್ತು ಬಕೆಟ್ ನೀರು ತಂದರು.

ಅಂದು ಅವರು ಊಟಕ್ಕೆ ಏಳಲಿಲ್ಲ. ಸೊಸೆ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಳು.

“ಅಷ್ಟು ಜೀವ ನನ್ನ ಕೈಯಲ್ಲಿ ಹೋಯ್ತು. ತುತ್ತು ಗಂಟಲಲ್ಲಿ ಇಳಿಯಲ್ಲ ಕಣೇ.”

“ಆಸ್ಪತ್ರೆಯಲ್ಲಿ ಎಲ್ರೂ ಮನೆ ಚಿಂತೇಲಿ ಹೊರಳಾಡ್ತಿದ್ರು. ನಾನೊಬ್ಳು ಹಾಯಾಗಿ ಮಲಗ್ತಿದ್ದೆ. ಇಲ್ಲಿ ನೀವಿದ್ರಿ ಅಂತ.”

ಅತ್ತೆ ಕಣ್ಣೊರೆಸಿಕೊಂಡು ತಟ್ಟೆ ತೆಗೆದುಕೊಂಡರು.

ಮೂರನೆಯ ದಿನ ನೀರಿಗೆ ಬಣ್ಣ ಬಂತು. ವಾರ ಕಳೆಯುವಷ್ಟರಲ್ಲಿ ಹುಳುಗಳು ಪುಟಿಯತೊಡಗಿದವು. ಮರಿಗಳ ಬೆನ್ನು ತುಸು ತುಂಬಿತು. ಅತ್ತೆಗೆ ಅದು ಸಾಲದು.

“ಗಾಡಿಗಟ್ಟಲೆ ಹಸಿರು ಸುರಿದ್ರೂ ಇಷ್ಟೇ ಇಷ್ಟು ಬೆಳೆದಿವೆಯಲ್ಲೇ?”

“ಬಕೆಟ್ ಹಸಿರಿಗೆ ಒಂದು ಚೊಂಬು ಹುಳು, ಚೊಂಬು ಹುಳುವಿಗೆ ಒಂದು ಚಮಚ ಮೀನು, ಅಷ್ಟೇ ಅತ್ತೆ. ಮಿಕ್ಕಿದ್ದು ಓಡಾಡೋದ್ರಲ್ಲಿ, ಉಸಿರಾಡೋದ್ರಲ್ಲಿ ಖರ್ಚಾಗಿಬಿಡತ್ತೆ.”

“ಸರಿಯೇ. ನಿನ್ನ ಮಾವ ತಿಂದಿದ್ದೆಲ್ಲ ಮಾತಾಡೋದ್ರಲ್ಲೇ ಮುಗೀತಿತ್ತು. ಮೈಗೆ ಒಂದು ಚೂರೂ ಹತ್ಲಿಲ್ಲ.”

ಸೊಸೆ ನಗುತ್ತ ಗಾಯ ಹಿಡಿದುಕೊಂಡಳು. “ನಗಿಸ್ಬೇಡಿ, ನೋವಾಗತ್ತೆ.”

ಅರ್ಧದಷ್ಟು ಮರಿಗಳು ಬದುಕಿದವು. ಬೆರಳುದ್ದ ಆದಾಗ ಅವನ್ನು ಕೆರೆಗೆ ಬಿಡಲು ಅತ್ತೆಯೂ ವ್ಯಾನು ಹತ್ತಿದರು. ಕ್ಯಾನು ಬಗ್ಗಿಸಿದ್ದೇ ಮರಿಗಳು ಒಂದು ಕ್ಷಣ ಗುಂಪಾಗಿ ನಿಂತು, ಆಮೇಲೆ ಚೆದುರಿಹೋದವು.

“ಹೋದ್ವು,” ಎಂದರು ಅತ್ತೆ.

ಏರಿ ಜಾರುತ್ತಿತ್ತು. ಇಬ್ಬರೂ ಕೈ ಹಿಡಿದುಕೊಂಡು ನಿಧಾನವಾಗಿ ಮೇಲೆ ಹತ್ತಿದರು.