ಅಳಿಯ ಕಟ್ಟಿದ ತುರುಬು

ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎಂದು ಗಾದೆ ಮಾಡಿದವರು ಬ್ಯಾಲೆ ಕ್ಲಾಸಿನ ಬಾಗಿಲನ್ನು ದೂರದಿಂದಲೂ ಕಂಡವರಲ್ಲ. ಅಲ್ಲಿ ಹೇಗೆಂದರೆ ಹಾಗೆ ಕಟ್ಟುವಂತಿಲ್ಲ. ತಲೆಯ ಹಿಂದೆ, ನಟ್ಟನಡುವೆ, ಒಂದು ಎಳೆಯೂ ಹೊರಗೆ ಇಣುಕದಂತೆ ತುರುಬು ಕೂರಬೇಕು. ಕುಣಿಯುವಾಗ ಅದು ಬಿಚ್ಚಿಕೊಂಡಿತೋ, ಆ ಹುಡುಗಿ ನೆಲ ಬಿಟ್ಟು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು, ಉಳಿದವರು ಕುಣಿಯುವುದನ್ನು ಕ್ಲಾಸು ಮುಗಿಯುವ ತನಕ ನೋಡುತ್ತಿರಬೇಕು. ಗಿರ್ರನೆ ಸುತ್ತುವಾಗ ಕೂದಲು ಕಣ್ಣಿಗೆ ಬಿದ್ದರೆ ಮಗು ತಾನೂ ಬೀಳುತ್ತದೆ, ಪಕ್ಕದವಳನ್ನೂ ಬೀಳಿಸುತ್ತದೆ ಎಂದು ಟೀಚರ್ ಕಾರಣ ಕೊಡುತ್ತಾರೆ. ಕಾರಣವೇನೋ ಸರಿಯೇ. ಆದರೆ ಎಂಟು ವರ್ಷದವಳಿಗೆ ಆ ಬೆಂಚು ಎಷ್ಟು ಉದ್ದ ಕಾಣುತ್ತದೆ ಎಂಬುದನ್ನು ಕೂತವರೇ ಹೇಳಬೇಕು.

ಸಾಸಿವೆ ಅಲ್ಲಿ ಎರಡು ಶನಿವಾರ ಕೂತಿದ್ದಳು.

ಸಾಸಿವೆ ಎನ್ನುವುದು ಅಜ್ಜಿ ಇಟ್ಟ ಅಡ್ಡಹೆಸರು. ಹುಟ್ಟಿದಾಗ ಇಷ್ಟೇ ಇಷ್ಟು ಇದ್ದಳು, ಸ್ವಲ್ಪ ಬಿಸಿ ತಾಗಿದರೂ ಚಟಪಟ ಸಿಡಿಯುತ್ತಿದ್ದಳು. ಅವಳ ಅಮ್ಮ, ಅಂದರೆ ಅಜ್ಜಿಯ ಮಗಳು, ಸಿಟಿ ಬಸ್ಸಿನ ಡ್ರೈವರ್. ಮೊನ್ನೆ ಮೊನ್ನೆಯವರೆಗೂ ತುರುಬು ಅವಳ ಕೆಲಸವಾಗಿತ್ತು. ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು, ನಾಲ್ಕು ನಿಮಿಷದಲ್ಲಿ ಮುಗಿಸಿ ಮಗಳ ಬೆನ್ನಿಗೊಂದು ತಟ್ಟಿ ಏಳಿಸುತ್ತಿದ್ದಳು. ಈಗ ಅವಳಿಗೆ ಶನಿವಾರದ ಮೊದಲ ಟ್ರಿಪ್ಪಿನ ಡ್ಯೂಟಿ ಬಿದ್ದು, ಮಗು ಏಳುವ ಹೊತ್ತಿಗೆ ಅವಳ ಬಸ್ಸು ಊರಿನ ಇನ್ನೊಂದು ತುದಿಯಲ್ಲಿರುತ್ತಿತ್ತು. ಅಜ್ಜಿ ಕಟ್ಟಬಹುದಿತ್ತು, ಅಜ್ಜಿಗೆ ಬಾರದ್ದೇನು. ಆದರೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು. ಹೀಗಾಗಿ ತುರುಬು ಅಳಿಯನ ಪಾಲಿಗೆ ಬಂತು.

ಅಳಿಯ ವೈರಿಂಗ್ ಕೆಲಸದವನು. ಹೊಸ ಕಟ್ಟಡಗಳ ಗೋಡೆಯೊಳಗಿನ ಪೈಪುಗಳಲ್ಲಿ ಹದಿನಾಲ್ಕು ವರ್ಷದಿಂದ ವೈರು ಎಳೆಯುತ್ತಿದ್ದ. ಒಳ್ಳೆಯವನೇ, ಅಜ್ಜಿ ಅದನ್ನು ಅಲ್ಲಗಳೆದವಳಲ್ಲ. ಆದರೆ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವ ಜಾತಿಯ ಮನುಷ್ಯ. ನೂಲಿನ ಮಿಲ್ಲಿನಲ್ಲಿ ಮೂವತ್ತಾರು ವರ್ಷ ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ಮಾತಾಡಿದ ಅಜ್ಜಿಗೆ ಮಾತಾಡದ ಗಂಡಸಿನ ಮೇಲೆ ಪೂರ್ತಿ ನಂಬಿಕೆ ಬರುತ್ತಿರಲಿಲ್ಲ.

ಮೊದಲ ಶನಿವಾರ ಅವನು ನೆಲದ ಮೇಲೆ ಪೇಪರು ಹಾಸಿ ಪಿನ್ನುಗಳನ್ನು ಉದ್ದದ ಪ್ರಕಾರ ಸಾಲಾಗಿ ಇಟ್ಟ. ಬಾಚಣಿಗೆ, ಕೂದಲಿನ ಬಲೆ, ನೀರು ಚಿಮುಕಿಸುವ ಬಾಟಲಿ ಎಲ್ಲವೂ ಕೈಗೆ ಸಿಗುವ ಹಾಗೆ. ಆಮೇಲೆ ಜೇಬಿನಿಂದ ಅಳತೆ ಟೇಪು ತೆಗೆದು ಮಗಳ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹಿಡಿದ.

"ಏನು ಅಳಿಯಂದ್ರೇ, ತಲೆಗೆ ಸ್ವಿಚ್ ಬೋರ್ಡ್ ಕೂರಿಸ್ತೀರಾ?" ಎಂದಳು ಅಜ್ಜಿ.

"ನಡುಮಧ್ಯ ಸಿಕ್ಕಿಬಿಟ್ರೆ ಆಮೇಲೆ ಸುಲಭ ಅತ್ತೆ," ಎಂದ ಅವನು.

ಮುಕ್ಕಾಲು ಗಂಟೆ ಹಿಡಿಯಿತು. ಅಜ್ಜಿ ತುರುಬಿನ ಸುತ್ತ ಕಣ್ಣಾಡಿಸಿದಳು. ಸುತ್ತಿನ ಪಕ್ಕ ಸುತ್ತು, ಅಂಗಡಿಯಿಂದ ಆಗಷ್ಟೇ ತಂದ ವೈರಿನ ಸುರುಳಿಯಂತೆ ನೀಟಾಗಿ ಕೂತಿತ್ತು. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಆದರೇನು, ಕ್ಲಾಸಿನಲ್ಲಿ ಮೂರನೆಯ ಜಿಗಿತಕ್ಕೆ ಆ ಚೆಂದದ ತುರುಬು ನಿದ್ದೆಯಿಂದ ಎದ್ದು ಮೈಮುರಿದಂತೆ ನಿಧಾನವಾಗಿ ಬಿಚ್ಚಿಕೊಂಡು ಬೆನ್ನ ಮೇಲೆ ಇಳಿಯಿತು.

ಎರಡನೆಯ ಶನಿವಾರ ಆರು ಪಿನ್ನು ಹೆಚ್ಚಾದವು, ಕೂದಲಿಗೆ ಹಚ್ಚುವ ಜೆಲ್ಲು ಎರಡರಷ್ಟಾಯಿತು. ಮತ್ತೆ ಅದೇ ಕತೆ.

"ಕೂದಲು ಬಹಳ ಜಾರುತ್ತೆ ಅತ್ತೆ," ಎಂದ ಅಳಿಯ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಅಜ್ಜಿ. "ಇಲ್ಲಿ ಕುಣಿಯೋಳು ಚೆನ್ನಾಗೇ ಕುಣೀತಾಳೆ. ನಿಮಗೆ ನೆಲ ಡೊಂಕು."

ಸಾಸಿವೆ ಮಾತ್ರ ಅಪ್ಪನ ತೋಳು ಹಿಡಿದುಕೊಂಡು, "ನಾನೇ ಜಾಸ್ತಿ ಎಗರಿದೆ ಅಪ್ಪ," ಎಂದಳು. ಬಿಸಿ ತಾಗಿದರೆ ಸಿಡಿಯುವ ಮಗು ಅವತ್ತು ಸಿಡಿಯಲಿಲ್ಲ. ಅಜ್ಜಿಗೆ ಅದು ಸಿಡಿದದ್ದಕ್ಕಿಂತ ಹೆಚ್ಚು ಚುಚ್ಚಿತು.

ಮೂರನೆಯ ಶನಿವಾರ ಪರೀಕ್ಷೆ. ಹೊರಗಿನಿಂದ ಒಬ್ಬರು ವರ್ಷಕ್ಕೊಮ್ಮೆ ಬಂದು ನೋಡಿ ಯಾರು ಮೇಲಿನ ಕ್ಲಾಸಿಗೆ ಹೋಗಬಹುದೆಂದು ಬರೆದುಕೊಡುತ್ತಾರೆ. ಪರೀಕ್ಷೆಗೂ ಅದೇ ನಿಯಮ. ತುರುಬು ಬಿಚ್ಚಿದರೆ ಬೆಂಚು, ಬೆಂಚಿಗೆ ಹೋದರೆ ಇನ್ನು ಮುಂದಿನ ವರ್ಷ.

ಶುಕ್ರವಾರ ಸಂಜೆ ಅಜ್ಜಿ ಮೊಮ್ಮಗಳನ್ನು ಮೆಲ್ಲಗೆ ಬಾಲ್ಕನಿಗೆ ಕರೆದುಕೊಂಡು ಹೋದಳು.

"ಪಕ್ಕದ ಬೀದಿ ಪಾರ್ಲರಿನವಳಿಗೆ ಹೇಳ್ತೀನಿ ಕಣೇ, ನಾಳೆ ಬೆಳಗ್ಗೆ ಮನೆಗೇ ಬರ್ತಾಳೆ. ಅಪ್ಪನಿಗೆ ನೀನೇ ಬೇಡ ಅನ್ನು. ನೀನು ಹೇಳಿದ್ರೆ ಬೇಜಾರು ಮಾಡ್ಕೊಳಲ್ಲ."

"ಬೇಜಾರು ಮಾಡ್ಕೋತಾರೆ," ಎಂದಳು ಸಾಸಿವೆ. "ಅಪ್ಪನೇ ಹಾಕಲಿ."

"ಬಿಚ್ಚಿಹೋದ್ರೆ?"

ಸಾಸಿವೆ ಬಾಲ್ಕನಿಯ ಕಂಬಿಗೆ ಹಣೆ ಒತ್ತಿಕೊಂಡು ಕೆಳಗೆ ನೋಡಿದಳು. "ಅಪ್ಪನೇ ಹಾಕಲಿ," ಎಂದಳು ಮತ್ತೆ, ಈ ಸಲ ಸಣ್ಣ ದನಿಯಲ್ಲಿ.

ಅಜ್ಜಿ ಒಳಗೆ ಬಂದು ನೋಡಿದರೆ ಅಳಿಯ ಅಡುಗೆಮನೆಯಲ್ಲಿ ಕುರ್ಚಿಯ ಬೆನ್ನಿಗೆ ಕಪ್ಪು ಉಲ್ಲನ್ನಿನ ಕಟ್ಟು ಬಿಗಿದು, ಸುತ್ತುವುದು ಬಿಚ್ಚುವುದು, ಸುತ್ತುವುದು ಬಿಚ್ಚುವುದು ಮಾಡುತ್ತಿದ್ದ. ಮಗಳ ನೆತ್ತಿ ಬಾಚಿ ಬಾಚಿ ಕೆಂಪಾಗಿದೆಯೆಂದು ಅವಳನ್ನು ಕೂರಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ದಿನವಿಡೀ ಏಣಿಯ ಮೇಲೆ ನಿಂತು ಬಂದವನು. ಅಂಗಿಗೆ ಇನ್ನೂ ಗೋಡೆಯ ಸುಣ್ಣ ಅಂಟಿತ್ತು. ಮುಖದಲ್ಲಿ ಸಿಡುಕಿಲ್ಲ, ತನ್ನ ಮೇಲೆ ತನಗೆ ಮರುಕವೂ ಇಲ್ಲ. ಎಲ್ಲೋ ಒಂದು ಕಡೆ ಕರೆಂಟು ನಿಂತಿದೆ, ಎಲ್ಲೆಂದು ಹುಡುಕಬೇಕು, ಅಷ್ಟೇ ಎಂಬಂತಿದ್ದ. ಮಿಲ್ಲಿನಲ್ಲಿ ಅಜ್ಜಿ ಎಷ್ಟೋ ಕೆಲಸಗಾರರನ್ನು ಕಂಡಿದ್ದಳು. ಸೋತ ಕೆಲಸದ ಮುಂದೆ ಹೀಗೆ ನಿಲ್ಲುವವರನ್ನು ಕೈಬೆರಳಿನಲ್ಲಿ ಎಣಿಸಬಹುದಿತ್ತು.

ಅವಳು ಉಲ್ಲನ್ ಕಟ್ಟನ್ನು ಎಡಗೈಯಲ್ಲಿ ಕಿತ್ತೆಸೆದು ಆ ಕುರ್ಚಿಯಲ್ಲಿ ಅವನಿಗೆ ಬೆನ್ನು ಮಾಡಿ ಕೂತಳು.

"ಹಾಕಿ."

ಅಳಿಯ ಒಂದು ಹೆಜ್ಜೆ ಹಿಂದೆ ಸರಿದ. "ಅತ್ತೆ, ನಿಮ್ಮ ತಲೆಗೆ ನಾನು..."

"ಯಾಕೆ, ನಂದು ತಲೆ ಅಲ್ವಾ? ನಿಮ್ಮ ಮಗಳಿಗೆ ಆ ಜಾರೋ ಕೂದಲು ಎಲ್ಲಿಂದ ಬಂತು ಅಂದ್ಕೊಂಡ್ರಿ? ಇದರ ಮೇಲೆ ನಿಂತ್ರೆ ಅವಳ ತಲೆ ಮೇಲೂ ನಿಲ್ಲುತ್ತೆ. ಹಾಕಿ ಅಂದೆ."

ಅವನು ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದ.

ಅಜ್ಜಿಯ ಕೂದಲು ಸೊಂಟ ಮುಟ್ಟುವಷ್ಟಿತ್ತು, ಬೆಳ್ಳಗಾಗಿದ್ದರೂ ನುಣುಪು ಹೋಗಿರಲಿಲ್ಲ. ಕೈ ಮುರಿದ ಮೇಲೆ ಮಗಳು ರಜೆಯ ದಿನ ಬಾಚಿ ಹೆಣೆಯುತ್ತಿದ್ದಳು. ಮಗಳು ಬಾಚುವುದೂ ಬಸ್ಸಿಗೆ ಬ್ರೇಕು ಹಾಕುವುದೂ ಒಂದೇ, ಕತ್ತು ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತಿತ್ತು. ಅಳಿಯ ತುದಿಯಿಂದ ಶುರು ಮಾಡಿದ. ಸಿಕ್ಕು ಇದ್ದಲ್ಲಿ ಅದರ ಮೇಲ್ಗಡೆ ಮುಷ್ಟಿಯಲ್ಲಿ ಹಿಡಿದು, ಬುಡಕ್ಕೆ ಎಳೆತ ತಾಗದ ಹಾಗೆ ಎಳೆ ಎಳೆಯಾಗಿ ಬಿಡಿಸಿದ. ಅಜ್ಜಿ ಕಣ್ಣು ಮುಚ್ಚಿದಳು. ತನ್ನ ತಾಯಿ ಹೋದ ಮೇಲೆ ತನ್ನ ತಲೆಯನ್ನು ಯಾರೂ ಇಷ್ಟು ಜತನದಿಂದ ಮುಟ್ಟಿರಲಿಲ್ಲ. ಈ ಕೈಯನ್ನು ಎರಡು ವಾರ ಆಡಿಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಅವನು ಜುಟ್ಟು ಕಟ್ಟಿ, ಹುರಿ ಮಾಡಿ, ಸುತ್ತತೊಡಗಿದ. ಆಗ ಅಜ್ಜಿಗೆ ನೆತ್ತಿಯಲ್ಲಿ ಏನೋ ಗೊತ್ತಾಯಿತು. ಬಿಗಿ, ಆಮೇಲೆ ಸಡಿಲ. ಮತ್ತೆ ಬಿಗಿ, ಮತ್ತೆ ಸಡಿಲ. ಎರಡು ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ್ದು ತಲೆಗೆ ತಾನಾಗಿ ತಿಳಿಯಿತು. ಅವಳು ಎಡಗೈ ಹಿಂದಕ್ಕೆ ಚಾಚಿ ಅವನ ಬೆರಳುಗಳನ್ನು ಗಬಕ್ಕನೆ ಹಿಡಿದಳು.

"ಈಗೇನು ಮಾಡಿದ್ರಿ?"

"ಸುತ್ತಿದೆ."

"ಸುತ್ತಿ ಆದಮೇಲೆ. ಈ ಹೆಬ್ಬೆರಳು ಏನು ಮಾಡ್ತು?"

ಅವನು ತನ್ನ ಹೆಬ್ಬೆರಳನ್ನು ಬೇರೆಯವರದ್ದೆಂಬಂತೆ ನೋಡಿದ. ಪ್ರತಿ ಸುತ್ತಿಗೂ ಅದು ಕೂದಲನ್ನು ತೋರುಬೆರಳಿನ ಮೇಲೆ ಅರ್ಧ ಸುತ್ತು ಉಲ್ಟಾ ಹೊರಳಿಸುತ್ತಿತ್ತು. ಅವನಿಗೆ ಗೊತ್ತೇ ಇರಲಿಲ್ಲ.

"ಓ, ಅದಾ," ಎಂದ. "ವೈರು ಸುತ್ತುವಾಗ ಹಾಗೆ ಮಾಡ್ಲೇಬೇಕು ಅತ್ತೆ. ಸುತ್ತಿಗೊಂದು ಸಲ ಹುರಿ ಬಿಡಿಸ್ದೆ ಇದ್ರೆ ವೈರು ಮುರುಟಿಕೊಂಡು ಒಳಗೆ ತಂತಿ ತುಂಡಾಗುತ್ತೆ. ಕೆಲಸಕ್ಕೆ ಸೇರಿದ ವರ್ಷ ನಮ್ಮ ಮೇಸ್ತ್ರಿ ಕೈಮೇಲೆ ಹೊಡೆದು ಹೊಡೆದು ಕಲಿಸಿದ್ದು."

"ಕೂದಲಲ್ಲಿ ಕರೆಂಟ್ ಹರಿಯಲ್ಲ ಅಳಿಯಂದ್ರೇ," ಎಂದಳು ಅಜ್ಜಿ. "ಮೂವತ್ತಾರು ವರ್ಷ ನೂಲು ನೋಡಿದೀನಿ. ಹತ್ತಿ ಒಂದನ್ನೊಂದು ಹಿಡ್ಕೊಂಡಿರೋದೇ ಹುರಿಯಿಂದ. ಹುರಿ ಹೋದ್ರೆ ನೂಲು ಮತ್ತೆ ಹತ್ತಿನೇ. ನೀವು ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ಬಿಚ್ಚಿ ಕಳಿಸ್ತಾ ಇದ್ದೀರಿ."

ಅಳಿಯ ನಕ್ಕ. ಆ ಮನೆಯಲ್ಲಿ ಅಜ್ಜಿ ಅವನ ನಗುವನ್ನು ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು.

ತಪ್ಪು ತಿಳಿದರೆ ಸಾಕೇ? ಹದಿನಾಲ್ಕು ವರ್ಷದ ಹೆಬ್ಬೆರಳು ಒಂದು ಸಂಜೆಯಲ್ಲಿ ಮಾತು ಕೇಳುವುದಿಲ್ಲ. ಅವನು ಸುತ್ತಿದ, ಅದು ಹೊರಳಿಸಿತು. ಅಜ್ಜಿ "ಬಿಟ್ರಿ" ಎಂದಳು, ಅವನು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದ. ಹೀಗೆ ಹನ್ನೊಂದು ಸಲ. ಒಂದು ಸಲವೂ ನಿಟ್ಟುಸಿರು ಬಿಡಲಿಲ್ಲ, ಇನ್ನು ಸಾಕು ಎನ್ನಲಿಲ್ಲ. ಕೊನೆಗೆ ತನ್ನ ಕೆಲಸದ ಪೆಟ್ಟಿಗೆಯಿಂದ ವೈರಿಗೆ ಸುತ್ತುವ ಕಪ್ಪು ಟೇಪು ತೆಗೆದು ಹೆಬ್ಬೆರಳಿನ ಗೆಣ್ಣು ಮಡಚದಂತೆ ಬಿಗಿದುಕೊಂಡ. ಹನ್ನೆರಡನೆಯ ಸಲ ನೆತ್ತಿಯ ಮೇಲಿನ ಬಿಗಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇತ್ತು.

"ಇದು ಇರಲಿ, ಬಿಚ್ಚಬೇಡಿ," ಎಂದು ಅಜ್ಜಿ ಅದೇ ತುರುಬಿನಲ್ಲಿ ಮಲಗಿದಳು. ಬೇಕೆಂದೇ ಮಗ್ಗುಲು ಬದಲಿಸಿದಳು. ಬೆಳಗ್ಗೆ ಕನ್ನಡಿಯಲ್ಲಿ ನೋಡಿದರೆ ಒಂದು ಎಳೆಯೂ ಅಲುಗಿರಲಿಲ್ಲ.

ಶನಿವಾರ ಅಳಿಯ ಮಗಳ ತುರುಬನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ. ಅಳತೆ ಟೇಪು ಜೇಬಿನಲ್ಲೇ ಇತ್ತು, ಕಪ್ಪು ಟೇಪು ಮಾತ್ರ ಹೆಬ್ಬೆರಳಿನ ಮೇಲಿತ್ತು. ಮೂವರೂ ಕ್ಲಾಸಿಗೆ ಹೊರಟರು.

ಪರೀಕ್ಷೆಯ ಕೋಣೆಗೆ ಮನೆಯವರನ್ನು ಬಿಡುವುದಿಲ್ಲ. ಹೊರಗಿನ ಉದ್ದನೆಯ ಓಣಿಯಲ್ಲಿ ಚಪ್ಪಲಿ ಗೂಡಿನ ಪಕ್ಕ ಎಲ್ಲರೂ ನಿಂತಿದ್ದರು. ಬಾಗಿಲಿಗೆ ಮಬ್ಬು ಗಾಜು. ಎದೆಗೆ ನಂಬರಿನ ಚೀಟಿ ಚುಚ್ಚಿಕೊಂಡ ಐದು ಹುಡುಗಿಯರು ಒಳಗೆ ಹೋದರು, ಬಾಗಿಲು ಮುಚ್ಚಿತು, ಪಿಯಾನೋ ಶುರುವಾಯಿತು. ಮೊದಲು ನಿಧಾನದ್ದು. ಆಮೇಲೆ ಜಿಗಿತದ್ದು. ಹತ್ತು ಪುಟ್ಟ ಪಾದಗಳು ಒಟ್ಟಿಗೆ ನೆಲ ಮುಟ್ಟುವ ಸದ್ದನ್ನು ಅಜ್ಜಿ ಎಣಿಸಿದಳು. ಒಂದು, ಎರಡು, ಮೂರು. ಮೂರು ದಾಟಿತು. ಅವಳು ಅಳಿಯನ ಕಡೆ ನೋಡಿದಳು. ಅವನೂ ಎಣಿಸುತ್ತಿದ್ದ.

ಏಳನೆಯದಕ್ಕೆ ಧೊಪ್ಪೆಂದು ಒಂದು ಸದ್ದು ಬಂತು. ಅದು ಪಾದದ ಸದ್ದಲ್ಲ, ಮೈಯ ಸದ್ದು. "ಅಮ್ಮಾ" ಎಂದ ದನಿಯೂ ಕೇಳಿತು. ಆ ದನಿ ಯಾರದೆಂದು ಅಜ್ಜಿಗೆ ಯಾರೂ ಹೇಳಬೇಕಿರಲಿಲ್ಲ. ಅಳಿಯ ಬಾಗಿಲ ತನಕ ಹೋಗಿ ಹಿಡಿಗೆ ಕೈ ಹಾಕಿ, ಹಾಗೇ ಕೈ ತೆಗೆದ. ಒಳಗೆ ಪಿಯಾನೋ ನಿಲ್ಲಲಿಲ್ಲ. ನಿಲ್ಲದೆ ಇನ್ನೂ ಹತ್ತು ನಿಮಿಷ ಹೋಯಿತು. ಬೆಂಚಿನ ಮೇಲೆ ಕೂತಿದ್ದಾಳೋ, ನೆಲದ ಮೇಲಿದ್ದಾಳೋ ಹೊರಗಿನವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಕೊನೆಗೆ ಬಾಗಿಲು ತೆರೆದು ಟೀಚರ್ ತಲೆ ಹೊರಗೆ ಹಾಕಿದರು. "ಐವರಲ್ಲಿ ನಾಲ್ವರು ಮೇಲಿನ ಕ್ಲಾಸಿಗೆ," ಎಂದು ನಂಬರು ಓದಿದರು. ಸಾಸಿವೆಯದ್ದು ಎರಡನೆಯದಾಗಿ ಬಂತು. "ಬಿದ್ದಳು. ಆದರೆ ಎದ್ದು ತಾಳಕ್ಕೆ ಸರಿಯಾಗಿ ಸೇರಿಕೊಂಡಳು. ಪರೀಕ್ಷೆಗೆ ಬಂದವರು ಅದನ್ನೇ ಬರೆದಿದ್ದಾರೆ," ಎಂದು ಹೇಳಿ ಒಳಗೆ ಹೋದರು.

ಸಾಸಿವೆ ಬಂದಳು. ಮಂಡಿಯ ಹತ್ತಿರ ಕಾಲುಚೀಲ ಹರಿದಿತ್ತು, ಮೊಣಕೈ ತರಚಿ ಕೆಂಪಾಗಿತ್ತು. ಅವಳ ತಲೆಯ ಹಿಂದೆ, ನಟ್ಟನಡುವೆ, ತುರುಬು ಬೆಳಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು. ಅಳಿಯ ಮಂಡಿಯೂರಿ ಅವಳ ಕಾಲು ನೋಡತೊಡಗಿದ.

"ಅಷ್ಟು ಜೋರಾಗಿ ಬಿದ್ಯಲ್ಲೇ, ಹೇಗೆ ಎದ್ದೆ?" ಎಂದು ಕೇಳಿದಳು ಅಜ್ಜಿ.

"ಬಿದ್ದ ತಕ್ಷಣ ಹಿಂದೆ ಕೈ ಹಾಕಿ ಮುಟ್ಟಿ ನೋಡ್ಕೊಂಡೆ ಅಜ್ಜಿ," ಎಂದಳು ಸಾಸಿವೆ. "ಅಪ್ಪ ಹಾಕಿದ್ದು ಹಾಗೇ ಇತ್ತು. ಹಾಗಿದ್ರೆ ಬೆಂಚಿಗೆ ಹೋಗ್ಬೇಕಾಗಿಲ್ವಲ್ಲ. ಅದಕ್ಕೇ ಎದ್ದೆ."

ಇಷ್ಟು ಹೇಳಿ ಅವಳು ನೀರು ಕುಡಿಯಲು ಓಡಿದಳು. ಅಳಿಯ ಮಂಡಿಯೂರಿದ್ದಲ್ಲೇ ಪಕ್ಕಕ್ಕೆ ತಿರುಗಿ, ಗೋಡೆಯ ಕೆಳಗಿದ್ದ ಪ್ಲಗ್ ಪಾಯಿಂಟಿನ ಸ್ಕ್ರೂ ಸಡಿಲವಾಗಿದೆಯೋ ಎಂದು ಬೆರಳಿನಿಂದ ಒತ್ತಿ ನೋಡತೊಡಗಿದ. ಅದು ಸಡಿಲವಾಗಿರಲಿಲ್ಲ. ಅವನ ಭುಜ ಅಲುಗುತ್ತಿತ್ತು. ಇಂಥ ಮನುಷ್ಯ ತನ್ನ ಮಗಳಿಗೆ ಸಿಕ್ಕಿದ್ದಾನಲ್ಲ, ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದೂ ತನಗೆ ಕಾಣಲಿಲ್ಲವಲ್ಲ ಎಂದು ಅಜ್ಜಿಯ ಎದೆ ತುಂಬಿ ಬಂತು. ಅವಳು ಎಡಗೈಯನ್ನು ಅವನ ತಲೆಯ ಮೇಲಿಟ್ಟಳು.

"ಏಳಪ್ಪ," ಎಂದಳು. "ಮನೆಗೆ ಹೋಗೋಣ."

ಅವನಿಗೆ ಏಳಲು ಸ್ವಲ್ಪ ಹೊತ್ತು ಬೇಕಾಯಿತು. ಅಲ್ಲಿಯವರೆಗೂ ಅಜ್ಜಿ ಕೈ ತೆಗೆಯಲಿಲ್ಲ.